ಹನಿಗೂಡಿದ ಹಳ್ಳ

ನಾವು ದಿನವೂ ಆಡುವ ಕೆಲವು ಶಬ್ದಗಳು ನಾಣ್ಯಗಳಂತೆ ಕೈಯಿಂದ ಕೈಗೆ ಸಾಗುತ್ತಿರುತ್ತವೆ. ಅವುಗಳ ಮೇಲಿನ ಮುದ್ರೆಯನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ‘ರೂಢಿ’ ಅಂತಹ ಒಂದು ಶಬ್ದ. ವ್ಯಾಕರಣದ ಪಾಠದಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ಮೂರು ಬಗೆಗಳನ್ನು ನೀವು ಕಲಿತಿದ್ದೀರಿ. ನದಿ, ಬೆಟ್ಟ, ಊರು ಎಂಬ ಹೆಸರುಗಳು ರೂಢಿಯಿಂದ ಬಂದವು ಎಂದು ಬಾಯಿಪಾಠ ಮಾಡಿದ್ದೀರಿ. ಆದರೆ ರೂಢಿ ಎಂದರೇನು? ಸಂಸ್ಕೃತದ ‘ರುಹ್’ ಎಂಬ ಧಾತುವಿಗೆ ಮೊಳೆ, ಬೆಳೆ, ಮೇಲೇರು ಎಂಬ ಅರ್ಥಗಳಿವೆ. ನೆಲದಲ್ಲಿ ಬೆಳೆಯುವ ಮರಕ್ಕೆ ‘ಮಹೀರುಹ’ ಎಂಬ ಹೆಸರೂ, ಸರೋವರದಲ್ಲಿ ಬೆಳೆಯುವ ತಾವರೆಗೆ ‘ಸರೋರುಹ’ ಎಂಬ ಹೆಸರೂ ಬಂದದ್ದು ಈ ಧಾತುವಿನಿಂದಲೇ. ರೂಢಿಯೂ ಅದೇ ಮನೆತನದ ಮಗಳು. ಅಂದ ಮೇಲೆ ರೂಢಿಯು ಸಂತೆಯಿಂದ ಕೊಂಡು ತಂದ ವಸ್ತುವಲ್ಲ, ಹಬ್ಬದ ದಿನ ತೊಟ್ಟುಕೊಂಡ ಅಂಗಿಯೂ ಅಲ್ಲ. ಅದು ಬೇರು ಬಿಟ್ಟು ಬೆಳೆದದ್ದು.

ಈ ಶಬ್ದದ ನೆರೆಹೊರೆಯಲ್ಲಿ ಇನ್ನೆರಡು ಶಬ್ದಗಳಿವೆ. ಒಂದು ‘ಅಭ್ಯಾಸ’. ಒಂದೇ ಕೆಲಸವನ್ನು ಮರಳಿ ಮರಳಿ ಮಾಡುವುದಕ್ಕೆ ಆ ಹೆಸರು. ಪುಸ್ತಕ ಹಿಡಿದು ಓದುವುದಕ್ಕೂ ನಮ್ಮ ಕಡೆ ಅಭ್ಯಾಸವೆಂದೇ ಹೇಳುತ್ತಾರೆ. ‘ನಿನ್ನ ಅಭ್ಯಾಸ ಹೇಗೆ ನಡೆದಿದೆ?’ ಎಂದು ಹಿರಿಯರು ಕೇಳಿದರೆ ಅವರು ಕೇಳುವುದು ನಿಮ್ಮ ಓದಿನ ವಿಷಯವನ್ನು. ವಿದ್ಯೆಯೆಂಬುದು ಮರಳಿ ಮರಳಿ ಮಾಡಿದ ಕೆಲಸದ ಇನ್ನೊಂದು ಹೆಸರೆಂದು ಭಾಷೆಯೇ ಇಲ್ಲಿ ಸೂಚಿಸುತ್ತಿದೆ. ಇನ್ನೊಂದು ಶಬ್ದ ‘ಚಟ’. ಇದು ಕೇಳುವುದಕ್ಕೇ ಒರಟು. ಅಭ್ಯಾಸವನ್ನು ನಾವು ಇಟ್ಟುಕೊಳ್ಳುತ್ತೇವೆ. ಚಟವು ನಮ್ಮನ್ನು ಹಿಡಿದುಕೊಳ್ಳುತ್ತದೆ. ಆದರೆ ಈ ಎರಡೂ ಮೊಳೆಯುವ ಬಗೆ ಒಂದೇ. ಎರಡೂ ಬೀಜದ ರೂಪದಲ್ಲಿ ಸಣ್ಣವು. ಬೀಜವನ್ನು ನೋಡಿ ಇದು ಯಾವ ಗಿಡವಾಗುವುದೆಂದು ಹೇಳಲು ಅನುಭವ ಬೇಕಾಗುತ್ತದೆ.

‘ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಸಣ್ಣದನ್ನು ಕೂಡಿಸಿದರೆ ದೊಡ್ಡದಾಗುವುದೆಂದು ಅದರ ಅರ್ಥವನ್ನು ಹೇಳಿ ಮುಗಿಸಿಬಿಡುತ್ತೇವೆ. ಗದಗ ಸೀಮೆಯ ಎರೆಯ ಹೊಲಗಳನ್ನು ಕಂಡವರಿಗೆ ಈ ಗಾದೆ ಇನ್ನೂ ಒಂದು ಮಾತನ್ನು ಹೇಳುತ್ತದೆ. ಹಳ್ಳವು ಬಾಯಾರಿದ ದನಕ್ಕೆ ನೀರು ಕೊಡುತ್ತದೆ, ನಿಜ. ಆದರೆ ಮಳೆಗಾಲದಲ್ಲಿ ಅದೇ ಹಳ್ಳ ದಂಡೆಯ ಹೊಲವನ್ನು ಕೊರೆದು, ನೂರಾರು ವರ್ಷಗಳ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಬೇಸಗೆಯಲ್ಲಿ ಸುಮ್ಮನೆ ಮಲಗಿರುವ ಬೆಣ್ಣೆಹಳ್ಳವು ಮಳೆಗಾಲದಲ್ಲಿ ಹೇಗೆ ಉಕ್ಕಿ ಬರುವುದೆಂದು ನವಲಗುಂದ, ನರಗುಂದ, ರೋಣದ ಕಡೆಯ ರೈತರನ್ನು ಕೇಳಬೇಕು. ಹನಿಗೂಡುವುದು ಎರಡೂ ಬಗೆಯ ಹಳ್ಳಕ್ಕೆ. ಕೂಡಿದ ನೀರು ಕೆರೆಯನ್ನು ತುಂಬುವುದೋ, ಹೊಲವನ್ನು ಕೊರೆಯುವುದೋ ಎಂಬುದು ಅದಕ್ಕೆ ನಾವು ಮೊದಲು ತೋರಿಸಿದ ದಾರಿಯನ್ನು ಅವಲಂಬಿಸಿದೆ.

ಧಾರವಾಡ ಜಿಲ್ಲೆಯಿಂದ 1997ರಲ್ಲಿ ಬೇರೆಯಾದ ಗದಗ ಜಿಲ್ಲೆಯಲ್ಲಿ ಅಂತೂರ ಬೆಂತೂರ ಎಂಬ ಜೋಡಿ ಊರುಗಳಿವೆ. ಹೆಸರು ಎರಡಾದರೂ ಜನ ಅವುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಕಪ್ಪು ನೆಲ, ಮಳೆಯನ್ನು ನಂಬಿದ ಒಕ್ಕಲುತನ, ಜೋಳ, ಹತ್ತಿ, ಹೆಸರು, ಕಡಲೆ, ಮೆಣಸಿನಕಾಯಿ ಮುಂತಾದ ಬೆಳೆಗಳು ಈ ಸೀಮೆಯ ಬದುಕು. ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಗೆ ಆ ಊರುಗಳಿಂದ ಮಕ್ಕಳು ಬರುತ್ತಿದ್ದರು. ಅವರ ಮನೆಗಳಿಗೆ ನಾನೂ ಆಗಾಗ ಹೋಗುತ್ತಿದ್ದೆ. ರೂಢಿಯ ವಿಷಯದಲ್ಲಿ ನಾನು ಪುಸ್ತಕಗಳಿಂದ ತಿಳಿದದ್ದಕ್ಕಿಂತ ಆ ಹೊಲ ಮನೆಗಳಲ್ಲಿ ಕಂಡು ತಿಳಿದದ್ದು ಹೆಚ್ಚು.

ಒಕ್ಕಲಿಗನು ಕರಿಕೆಯನ್ನು ಎಂದೂ ಹಗುರಾಗಿ ಕಾಣುವುದಿಲ್ಲ. ಹೊಲದ ಮೂಲೆಯಲ್ಲಿ ಅಂಗೈಯಗಲದ ಹಸಿರು ಕಂಡಾಗಲೇ ಅದನ್ನು ಕಿತ್ತುಹಾಕುತ್ತಾನೆ. ಆ ದಿನ ಅದು ಎರಡು ಬೆರಳಿನ ಕೆಲಸ. ಬಿಟ್ಟರೆ ಅದು ನೆಲದೊಳಗೆ ಗೆಣ್ಣು ಗೆಣ್ಣಿಗೂ ಬೇರಿಳಿಸಿ, ಮೂರು ಹಂಗಾಮುಗಳಲ್ಲಿ ಹೊಲವನ್ನೇ ಆವರಿಸುತ್ತದೆ. ಆಗ ಎತ್ತು ಹೂಡಿ ಆಳವಾಗಿ ನೇಗಿಲು ಹೊಡೆದರೂ ಅದರ ಬೇರು ಪೂರ್ತಿಯಾಗಿ ಹೊರಬರುವುದಿಲ್ಲ. ಕರಿಕೆಯಲ್ಲಿ ಬದಲಾದದ್ದೇನೂ ಇಲ್ಲ. ಬದಲಾದದ್ದು ಕಾಲ ಮಾತ್ರ.

ನನ್ನ ಬಾಲ್ಯದಲ್ಲಿ ಒಬ್ಬ ಗೆಳೆಯನಿದ್ದ. ಒಂದೇ ಹಲಗೆಯ ಮೇಲೆ ಕುಳಿತು ಓದಿದವರು ನಾವು. ಲೆಕ್ಕದಲ್ಲಿ ಅವನು ತರಗತಿಗೆ ಮೊದಲಿಗ. ಕಬಡ್ಡಿಯ ಅಂಕಣದಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ, ಹತ್ತಿ ಬಿಡಿಸುವ ಹಂಗಾಮಿನಲ್ಲಿ, ದೊಡ್ಡವರೊಬ್ಬರು ನಗೆಚಾಟಿಕೆಗೆ ಅವನ ಅಂಗೈಯಲ್ಲಿ ಒಂದು ಚಿಟಿಕೆ ತಂಬಾಕು ಸುಣ್ಣವನ್ನಿಟ್ಟರು. ಅವನು ಅದನ್ನು ತುಟಿಯ ಒಳಗಿಟ್ಟುಕೊಂಡು ಉಗುಳಿಬಿಟ್ಟ, ಎಲ್ಲರೂ ನಕ್ಕರು. ಮರುದಿನ ಅವನೇ ಕೇಳಿ ಪಡೆದ. ಊಟವಾದ ಮೇಲೆ ಒಂದು ಚಿಟಿಕೆ, ಕೆಲಸಕ್ಕೆ ಮೊದಲು ಒಂದು ಚಿಟಿಕೆ, ಬೇಸರವಾದಾಗ ಒಂದು, ಸಂತೋಷವಾದಾಗ ಒಂದು. ಹೀಗೆ ಅದು ದಿನದ ಎಲ್ಲ ಗೆಣ್ಣುಗಳಿಗೂ ಬೇರಿಳಿಸಿತು. ಮುಂದೆ ತಂಬಾಕಿನ ಚೀಲ ಹೋಗಿ ಗುಟ್ಕಾದ ಚೀಟಿ ಬಂದಿತು. ಕರ್ನಾಟಕ ಸರಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿದಾಗ ಅವನ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ದವಡೆಯ ಹುಣ್ಣು ಅರ್ಬುದವೆಂದು ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ನಾನು ಕೊನೆಯ ಸಲ ನೋಡಲು ಹೋದಾಗ ಅವನು ಮಾತನಾಡಲಾರದೆ, ತನ್ನ ಮೊಮ್ಮಗನ ಪಾಟಿಯ ಮೇಲೆ ಒಂದು ಲೆಕ್ಕ ಬರೆದು ತೋರಿಸಿದ. ದಿನಕ್ಕೆ ಇಷ್ಟು ಚೀಟಿ, ವರ್ಷಕ್ಕೆ ಇಷ್ಟು, ನಲವತ್ತು ವರ್ಷಕ್ಕೆ ಇಷ್ಟು ಎಂದು ಗುಣಿಸಿದ ಲೆಕ್ಕ ಅದು. ಉತ್ತರ ಸರಿಯಾಗಿತ್ತು. ಲೆಕ್ಕದಲ್ಲಿ ಅವನು ಎಂದೂ ತಪ್ಪಿದವನಲ್ಲ.

ಒಂದು ಚಿಟಿಕೆಯಿಂದ ಯಾರೂ ಸಾಯುವುದಿಲ್ಲ. ಒಂದು ಪುಟ ಓದಿದ್ದರಿಂದ ಯಾರೂ ಪಂಡಿತರಾಗುವುದಿಲ್ಲ. ಈ ಎರಡು ಮಾತುಗಳೂ ನಿಜ. ಈ ನಿಜವೇ ನಮ್ಮನ್ನು ಮೋಸಗೊಳಿಸುತ್ತದೆ. ಇಂದಿನ ಸಣ್ಣ ಕೆಲಸದ ಫಲ ಇಂದೇ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಫಲವೇ ಇಲ್ಲವೆಂದು ತಿಳಿಯುತ್ತೇವೆ.

ಇನ್ನು ಹನಿಗೂಡಿ ಕೆರೆ ತುಂಬಿದ ಒಂದು ಕಥೆಯನ್ನು ಹೇಳುತ್ತೇನೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿ ಅಂತೂರ ಬೆಂತೂರಿನ ಒಬ್ಬ ಹುಡುಗಿ ಓದುತ್ತಿದ್ದಳು. ಅವಳ ಅಜ್ಜಿಗೆ ಆಗ ಅರವತ್ತು ದಾಟಿತ್ತು. ಗಂಡ ತೀರಿದ ಮೇಲೆ ಆಕೆಯ ಹೆಸರಿಗೆ ಎರಡೆಕರೆ ಎರೆಹೊಲ ಉಳಿದಿತ್ತು. ಒಮ್ಮೆ ಬರಗಾಲದಲ್ಲಿ ಸ್ವಲ್ಪ ಹಣ ಸಾಲ ತಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಕಾಗದದಲ್ಲಿ ಬರೆದ ಮೊತ್ತ ಆಕೆ ಪಡೆದ ಮೊತ್ತಕ್ಕಿಂತ ದೊಡ್ಡದಾಗಿತ್ತು. ಅದನ್ನು ತೀರಿಸಲು ಒಂದೆಕರೆ ಹೋಯಿತು. ಆಕೆ ಯಾರನ್ನೂ ಬಯ್ಯಲಿಲ್ಲ. ಮೊಮ್ಮಗಳನ್ನು ಹತ್ತಿರ ಕರೆದು, “ನನ್ನ ಹೆಬ್ಬಟ್ಟಿಗೆ ಕಣ್ಣಿಲ್ಲವ್ವಾ. ನನಗ ನನ್ನ ಹೆಸರು ಬರಿಯೂದು ಕಲಸು” ಎಂದಳು.

ಹುಡುಗಿ ಉತ್ಸಾಹದಿಂದ ಪಾಟಿ ಬಳಪ ತಂದು, ಒಂದೇ ಸಂಜೆಗೆ ಸ್ವರಗಳನ್ನೆಲ್ಲ ಬರೆದು ತೋರಿಸಿದಳು. ಹೊಲದ ಕೆಲಸದಿಂದ ದಣಿದ ಮುದುಕಿಗೆ ಅದು ಎಳ್ಳಷ್ಟೂ ಹತ್ತಲಿಲ್ಲ. ಮೂರು ದಿನಗಳಲ್ಲಿ ಪಾಟಿ ಮೂಲೆ ಸೇರಿತು. ಆಗ ಅಜ್ಜಿಯೇ ಒಂದು ಉಪಾಯವನ್ನು ಕಂಡುಕೊಂಡಳು. ಬೆಳಗಿನ ಹೊತ್ತು ಆಕೆ ತಪ್ಪದೆ ಮಾಡುತ್ತಿದ್ದ ಕೆಲಸ ರೊಟ್ಟಿ ಬಡಿಯುವುದು. ಹಿಟ್ಟು ನಾದುವ ಮುನ್ನ ಮಣೆಯ ಮೇಲೆ ಒಣಹಿಟ್ಟನ್ನು ತೆಳ್ಳಗೆ ಹರಡಿ, ಅದರಲ್ಲಿ ಬೆರಳಿನಿಂದ ಒಂದೇ ಒಂದು ಅಕ್ಷರವನ್ನು ಬರೆಯಬೇಕು. ಸರಿಯಾಗಿದೆಯೆಂದು ಮೊಮ್ಮಗಳು ಹೇಳಿದ ಮೇಲೆ ಅದನ್ನು ಅಳಿಸಿ ರೊಟ್ಟಿಗೆ ಕೈಹಚ್ಚಬೇಕು. ಒಂದು ಅಕ್ಷರ ಕೈಗೆ ಬರುವ ತನಕ ಇನ್ನೊಂದರ ಕಡೆ ನೋಡಬಾರದು. ಇಷ್ಟೇ ಆಕೆಯ ಪಾಠಶಾಲೆ.

ಆಕೆಯ ಹೆಸರಿನಲ್ಲಿದ್ದದ್ದು ನಾಲ್ಕು ಅಕ್ಷರಗಳು. ಅವು ಕೈಗೆ ಬರಲು ಸುಮಾರು ಎರಡು ತಿಂಗಳು ಹಿಡಿಯಿತು. ನಡುವೆ ಜಾತ್ರೆಗೆ ಹೋದ ನಾಲ್ಕು ದಿನ, ಜ್ವರದಿಂದ ಮಲಗಿದ ಒಂದು ವಾರ, ಅಕ್ಷರ ನಿಂತಿತು. ಆದರೆ ಮರಳಿ ಒಲೆಯ ಮುಂದೆ ಕುಳಿತ ದಿನ ಹಿಟ್ಟನ್ನು ಕಂಡೊಡನೆ ಬೆರಳು ತಾನಾಗಿ ಚಾಚಿತು. ಹೆಸರು ಬಂದ ಮೇಲೂ ಆಕೆ ನಿಲ್ಲಿಸಲಿಲ್ಲ; ನಲವತ್ತೊಂಬತ್ತು ಅಕ್ಷರಗಳೂ ಆ ಹಿಟ್ಟಿನ ಮೇಲೆ ಮೂಡಿ ಹೋದವು. ಎರಡು ವರ್ಷ ಕಳೆಯುವಷ್ಟರಲ್ಲಿ ಆಕೆ ಕೂಡಿಸಿ ಕೂಡಿಸಿ ಓದತೊಡಗಿದ್ದಳು. ಮುಂದೆ ಬೀಜ ಗೊಬ್ಬರಕ್ಕೆ ಸಾಲ ಬೇಕಾದಾಗ ಕಾಗದಪತ್ರ ಬರೆಯುವವನು ವಾಡಿಕೆಯಂತೆ ಮಸಿಯ ಡಬ್ಬಿಯನ್ನು ಆಕೆಯ ಮುಂದಕ್ಕೆ ಸರಿಸಿದನಂತೆ. ಆಕೆ ಅದನ್ನು ಹಿಂದಕ್ಕೆ ಸರಿಸಿ, “ಮೊದಲ ಓದಿ ನೋಡತೀನಿ, ಆಮ್ಯಾಲ ಸಹಿ ಮಾಡತೀನಿ” ಎಂದಳಂತೆ. ಉಳಿದ ಒಂದೆಕರೆ ಹೊಲ ಕೊನೆಯ ತನಕ ಆಕೆಯ ಹೆಸರಿನಲ್ಲೇ ಇತ್ತು. ಆ ಮನೆಗೆ ನಾನು ಹೋದಾಗ, “ಮಾಸ್ತರ್ರ, ನಿಮ್ಮ ಸಾಲಿಗೆ ಗಂಟಿ ಐತಿ, ನನ್ನ ಸಾಲಿಗೆ ಒಲಿ ಐತಿ” ಎಂದು ನಕ್ಕು ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

ಈ ಅಜ್ಜಿ ಯಾವ ಮನಶ್ಶಾಸ್ತ್ರವನ್ನೂ ಓದಿದವಳಲ್ಲ. ಆದರೆ ಇತ್ತೀಚಿನ ಸಂಶೋಧಕರು ರೂಢಿಯ ಬಗ್ಗೆ ಹೇಳುತ್ತಿರುವ ಮಾತುಗಳು ಆಕೆಯ ಒಲೆಯ ಮುಂದೆ ಆಗಲೇ ಸಿದ್ಧವಾಗಿದ್ದವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ತೊಂಬತ್ತಾರು ಮಂದಿಯನ್ನು ಆರಿಸಿಕೊಂಡು ನಡೆಸಿದ ಒಂದು ಅಧ್ಯಯನವು 2010ರಲ್ಲಿ ಪ್ರಕಟವಾಯಿತು. ಪ್ರತಿಯೊಬ್ಬರೂ ತಮಗೆ ಇಷ್ಟವಾದ ಒಂದು ಸಣ್ಣ ಕೆಲಸವನ್ನು ಆಯ್ದುಕೊಂಡು, ಅದನ್ನು ದಿನವೂ ಒಂದೇ ಸಂದರ್ಭದಲ್ಲಿ ಮಾಡಬೇಕಾಗಿತ್ತು. ಊಟದ ಜೊತೆಗೆ ಒಂದು ಹಣ್ಣು ತಿನ್ನುವಂತಹ ಸರಳವಾದ ಕೆಲಸಗಳು ಅವು. ಹೀಗೆ ಹನ್ನೆರಡು ವಾರಗಳು ನಡೆದವು. ಯೋಚನೆಯಿಲ್ಲದೆ ತಾನಾಗಿ ನಡೆಯುವ ಹಂತಕ್ಕೆ ಆ ಕೆಲಸ ಎಷ್ಟು ದಿನಗಳಲ್ಲಿ ಬರುವುದೆಂದು ಅವರು ಲೆಕ್ಕ ಹಾಕಿದರು. ನಡುಮಟ್ಟದ ಲೆಕ್ಕ 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನಗಳು ಬೇಕೆಂದು ಕಂಡುಬಂದಿತು. ಕೆಲಸ ಸರಳವಾದಷ್ಟೂ ರೂಢಿ ಬೇಗ ಬೇರೂರುವುದೂ ತಿಳಿಯಿತು.

ಇಪ್ಪತ್ತೊಂದು ದಿನ ಮಾಡಿದರೆ ಯಾವುದಾದರೂ ರೂಢಿಯಾಗಿಬಿಡುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಅಮೆರಿಕದ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಶಸ್ತ್ರವೈದ್ಯರು 1960ರಲ್ಲಿ ಬರೆದ ಒಂದು ಪುಸ್ತಕದಿಂದ ಆ ಮಾತು ಹರಡಿತು. ಮುಖದ ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನಗಳಾದರೂ ಬೇಕೆಂದು ಅವರು ಕಂಡಿದ್ದರು. ಬಾಯಿಂದ ಬಾಯಿಗೆ ಸಾಗುವಾಗ ‘ಕನಿಷ್ಠ’ ಎಂಬುದು ಬಿದ್ದುಹೋಗಿ, ಇಪ್ಪತ್ತೊಂದು ದಿನ ಮಾತ್ರ ಉಳಿಯಿತು. ಇಂತಹ ಮಾತಿನಿಂದ ಆಗುವ ಹಾನಿ ಏನೆಂದರೆ, ಇಪ್ಪತ್ತೆರಡನೆಯ ದಿನವೂ ಕೆಲಸ ಕಷ್ಟವೆನಿಸಿದರೆ ಹುಡುಗನು ‘ಇದು ನನ್ನಿಂದಾಗದು’ ಎಂದು ಕೈಬಿಡುತ್ತಾನೆ. ಹೆಸರು ಎರಡು ತಿಂಗಳುಗಳಲ್ಲಿ ಕಟಾವಿಗೆ ಬರುತ್ತದೆ. ತೊಗರಿಗೆ ಸುಮಾರು ಆರು ತಿಂಗಳು ಬೇಕು. ತೊಗರಿಯನ್ನು ಬಿತ್ತಿದವನು ನೆರೆಯವನ ಹೆಸರನ್ನು ನೋಡಿ ತನ್ನ ಬೆಳೆಯನ್ನು ಹರಗಿಬಿಡುವುದಿಲ್ಲ.

ಆ ಅಧ್ಯಯನದ ಇನ್ನೊಂದು ಫಲಿತಾಂಶ ನಿಮ್ಮಂತಹವರಿಗೆ ಬಹಳ ಮುಖ್ಯವಾದದ್ದು. ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂತಹ ಧಕ್ಕೆಯೇನೂ ಆಗಲಿಲ್ಲ. 1890ರಲ್ಲಿ ಮನಶ್ಶಾಸ್ತ್ರದ ದೊಡ್ಡ ಗ್ರಂಥವನ್ನು ಬರೆದ ಅಮೆರಿಕದ ವಿಲಿಯಂ ಜೇಮ್ಸ್, ಹೊಸ ರೂಢಿ ಬೇರೂರುವ ತನಕ ಒಂದು ಅಪವಾದಕ್ಕೂ ಎಡೆಗೊಡಬಾರದೆಂದು ಎಚ್ಚರಿಸಿದ್ದರು. ಆ ಎಚ್ಚರಿಕೆಯ ಹಿಂದಿನ ಕಳಕಳಿ ಸರಿಯಾದದ್ದೇ. ಆದರೆ ಮನುಷ್ಯರಿಗೆ ಜ್ವರ ಬರುತ್ತದೆ, ಮನೆಯಲ್ಲಿ ಮದುವೆಯಾಗುತ್ತದೆ, ಊರಿನಲ್ಲಿ ಜಾತ್ರೆ ನಡೆಯುತ್ತದೆ. ತಪ್ಪಿದ ದಿನಕ್ಕಿಂತ ಅದರ ಮರುದಿನವೇ ದೊಡ್ಡದು. ಅಜ್ಜಿಯು ಜ್ವರ ಬಿಟ್ಟು ಎದ್ದ ದಿನವೇ ಹಿಟ್ಟು ಹರಡಿದಳು. ಆಕೆಯ ಸಾಕ್ಷರತೆ ಉಳಿದದ್ದು ಆ ದಿನದಿಂದ.

ರೂಢಿಯಾದ ಕೆಲಸ ತಾನಾಗಿ ನಡೆಯುವುದು ಹೇಗೆ? ನಮ್ಮ ಮಿದುಳಿನ ಆಳದಲ್ಲಿರುವ ಕೆಲವು ನರಕೇಂದ್ರಗಳು ಮರಳಿ ಮರಳಿ ನಡೆಯುವ ಕೆಲಸಗಳನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತವೆಂದು ವಿಜ್ಞಾನಿಗಳು ಹೇಳುತ್ತಾರೆ. ಆಗ ಯೋಚಿಸುವ ಭಾಗಕ್ಕೆ ಬಿಡುವು ದೊರೆಯುತ್ತದೆ. ಸೈಕಲ್ಲು ಕಲಿಯುವಾಗ ಪ್ರತಿಯೊಂದು ತುಳಿತಕ್ಕೂ ಗಮನ ಬೇಕು; ಕಲಿತ ಮೇಲೆ ಮಾತನಾಡುತ್ತ ಹೋಗಬಹುದು. ಇದನ್ನು ನಮ್ಮ ಚಕ್ಕಡಿಯ ಎತ್ತುಗಳು ಇನ್ನೂ ಚೆನ್ನಾಗಿ ತಿಳಿಸುತ್ತವೆ. ಗದುಗಿನ ಪೇಟೆಗೆ ಕಾಳು ಹಾಕಿ ಬರುವ ರೈತನು ರಾತ್ರಿ ಚಕ್ಕಡಿಯ ಮೇಲೆಯೇ ನಿದ್ದೆ ಹೋಗುತ್ತಿದ್ದ. ಎತ್ತುಗಳು ತಿರುವುಗಳನ್ನು ತಪ್ಪದೆ ಅವನನ್ನು ಮನೆಯ ಬಾಗಿಲಿಗೆ ಮುಟ್ಟಿಸುತ್ತಿದ್ದವು. ಆದರೆ ದಾರಿಯಲ್ಲಿ ಸೆರೆಯಂಗಡಿಯ ಮುಂದೆ ದಿನವೂ ನಿಲ್ಲಿಸುವವನ ಎತ್ತುಗಳು ಅಲ್ಲಿಯೂ ತಾವಾಗಿ ನಿಲ್ಲುತ್ತಿದ್ದವು. ಎತ್ತಿಗೆ ದಾರಿ ಗೊತ್ತು. ದಾರಿಯ ಒಳಿತು ಕೆಡುಕು ಗೊತ್ತಿಲ್ಲ. ಅದನ್ನು ತಿಳಿಯಬೇಕಾದವನು ಹಗ್ಗ ಹಿಡಿದವನು, ಅದೂ ಮೊದಲ ಕೆಲವು ಪಯಣಗಳಲ್ಲಿ.

ಒಬ್ಬ ವ್ಯಕ್ತಿಯ ಬದುಕಿನಲ್ಲಿ ನಡೆಯುವುದು ಒಂದು ಊರಿನ ಬದುಕಿನಲ್ಲಿಯೂ ನಡೆಯುತ್ತದೆ. ಗದುಗಿನ ಸಮೀಪದ ಕಣಗಿನಹಾಳ ಎಂಬ ಹಳ್ಳಿಯ ಹೆಸರು ಭಾರತದ ಸಹಕಾರ ಚಳವಳಿಯ ಚರಿತ್ರೆಯಲ್ಲಿ ಅಚ್ಚಳಿಯದೆ ನಿಂತಿದೆ. ಸಾಹುಕಾರರ ಬಡ್ಡಿಯಲ್ಲಿ ರೈತರ ಹೊಲಮನೆಗಳು ಕರಗಿ ಹೋಗುತ್ತಿದ್ದ ಕಾಲವದು. 1904ರಲ್ಲಿ ಅಂದಿನ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯದೆಯನ್ನು ತಂದಿತು. ಮರುವರ್ಷ, 1905ರ ಮೇ ತಿಂಗಳಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕಣಗಿನಹಾಳದ ರೈತರು ತಮ್ಮದೊಂದು ಸಂಘವನ್ನು ನೋಂದಾಯಿಸಿದರು. ದೇಶದ ಅತ್ಯಂತ ಹಳೆಯ ಕೃಷಿ ಪತ್ತಿನ ಸಂಘಗಳಲ್ಲಿ ಅದೂ ಒಂದು. ಸಿದ್ದನಗೌಡರನ್ನು ಸಹಕಾರಿ ಪಿತಾಮಹರೆಂದು ನಾಡು ಇಂದಿಗೂ ಗೌರವಿಸುತ್ತಿದೆ.

ಈ ಸಂಘಗಳ ಬಲ ಯಾವುದರಲ್ಲಿತ್ತು? ಮಿತವ್ಯಯ ಮತ್ತು ಸ್ವಸಹಾಯಗಳನ್ನು ಬೆಳೆಸುವುದು ಆ ಕಾಯದೆಯ ಉದ್ದೇಶವಾಗಿತ್ತು. ಹಳ್ಳಿಯ ಸಂಘಗಳಲ್ಲಿ ಒಬ್ಬ ಸದಸ್ಯನ ಸಾಲಕ್ಕೆ ಎಲ್ಲ ಸದಸ್ಯರೂ ಹೊಣೆಗಾರರು. ಆದ್ದರಿಂದ ಸಾಲವನ್ನು ಯಾತಕ್ಕೆ ತೆಗೆದುಕೊಂಡನು, ಹೇಗೆ ಬಳಸಿದನು, ಕಂತನ್ನು ಹೇಳಿದ ದಿನ ತುಂಬಿದನೇ ಎಂಬುದನ್ನು ನೆರೆಯವರು ನೋಡುತ್ತಿದ್ದರು. ರಾಶಿಯಾದ ಮೇಲೆ ಮೊದಲು ಕಂತು, ಆಮೇಲೆ ಮದುವೆ ಮುಂಜಿಗಳ ಖರ್ಚು ಎಂಬ ಕ್ರಮ ಬೇರೂರಿದ ಕಡೆ ಸಂಘ ಉಳಿಯಿತು. ಬೇರೂರದ ಕಡೆ ಸಂಘದ ಹಲಗೆ ಮಾತ್ರ ಉಳಿಯಿತು. ಕಾಯದೆಯು ಸಂಘವನ್ನು ಹುಟ್ಟಿಸಬಲ್ಲದು. ಅದನ್ನು ನಡೆಸುವುದು ಸದಸ್ಯರ ಸಣ್ಣ ರೂಢಿಗಳು.

ಹೊರಗಿನಿಂದ ಹೇರಿದ ನಿಯಮಕ್ಕೂ ಒಳಗಿನಿಂದ ಬೆಳೆದ ರೂಢಿಗೂ ಇರುವ ಅಂತರವನ್ನು ತಿಳಿಯಲು ಇನ್ನೊಂದು ನಿದರ್ಶನವಿದೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಮಹಾಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಅಧಿವೇಶನ ಅದೊಂದೇ. ಸದಸ್ಯರಾಗುವವರು ತಿಂಗಳಿಗೆ ಎರಡು ಸಾವಿರ ಗಜ ನೂಲನ್ನು ಕೊಡಬೇಕೆಂದು ಅಲ್ಲಿ ನಿಯಮವಾಯಿತು. ಮರುವರ್ಷವೇ ಆ ನಿಯಮವನ್ನು ಸಡಿಲಿಸಿ, ನೂಲಿಗೆ ಬದಲಾಗಿ ನಾಲ್ಕಾಣೆ ಚಂದಾ ಕೊಡುವುದಕ್ಕೂ ಅವಕಾಶ ಕೊಡಬೇಕಾಯಿತು. ಬಹುಮಂದಿಗೆ ನೂಲುವುದು ನಿಯಮವಾಗಿತ್ತೇ ಹೊರತು ರೂಢಿಯಾಗಿರಲಿಲ್ಲ. ಗಾಂಧೀಜಿಯವರಾದರೋ ಬಿಡುವಿಲ್ಲದ ದಿನಗಳಲ್ಲಿಯೂ ಚರಕದ ಮುಂದೆ ಕುಳಿತರು. ಅವರಿಗೆ ಅದು ಪ್ರಾರ್ಥನೆಯಷ್ಟೇ ಸಹಜವಾಗಿತ್ತು. ಅಂತೂರ ಬೆಂತೂರಿನ ಅಜ್ಜಿಗೆ ಅಕ್ಷರ ಕಲಿಯೆಂದು ಯಾರೂ ಅಪ್ಪಣೆ ಮಾಡಿರಲಿಲ್ಲ; ಕಳೆದುಹೋದ ಒಂದೆಕರೆ ಹೊಲ ಆಕೆಯ ಒಳಗೆ ನಿಂತು ದಿನವೂ ಕರೆಯುತ್ತಿತ್ತು. ನಿಮ್ಮ ರೂಢಿಗೂ ನಿಮ್ಮದೇ ಆದ ಒಂದು ಕಾರಣ ಬೇಕು. ತಂದೆ ಬಯ್ಯುವರೆಂದು ಓದುವವನು ತಂದೆ ಊರಿಗೆ ಹೋದ ದಿನ ಪುಸ್ತಕವನ್ನು ಮುಚ್ಚುತ್ತಾನೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದೆ ಈ ವಿಷಯ ಮುಗಿಯದು. ಕಣ್ಣಿಲ್ಲದ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟ ಗಾನಯೋಗಿ ಪಂಚಾಕ್ಷರಿ ಗವಾಯಿಗಳು, ಅವರ ಹಾದಿಯಲ್ಲಿ ನಡೆದ ಪಂಡಿತ ಪುಟ್ಟರಾಜ ಗವಾಯಿಗಳು ಆ ಆಶ್ರಮದ ಎರಡು ಕಣ್ಣುಗಳು. 1914ರಲ್ಲಿ ಹುಟ್ಟಿದ ಪುಟ್ಟರಾಜರು ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡರು. ಆದರೂ ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳ ಸಂಗೀತವನ್ನು ಸಾಧಿಸಿದರು. ಹಾರ್ಮೋನಿಯಂ, ತಬಲಾ, ಪಿಟೀಲು ಮೊದಲಾದ ವಾದ್ಯಗಳನ್ನು ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷ ಅವರು ಕಾಲವಾದರು. ಇಷ್ಟು ದೊಡ್ಡ ಸಾಧನೆಯ ಬುಡದಲ್ಲಿರುವುದು ಏನು? ಸಂಗೀತ ಕಲಿಯುವವರು ಬೆಳಗಿನ ಜಾವದಲ್ಲಿ ಮೊದಲು ಮಾಡುವ ಸಾಧನೆ ಷಡ್ಜವನ್ನು ಹಿಡಿದು ನಿಲ್ಲಿಸುವುದು. ‘ಸಾ’ ಎಂಬ ಒಂದೇ ಸ್ವರ. ನಿನ್ನೆ ಹಿಡಿದ ಸ್ವರವನ್ನೇ ಇಂದು ಮತ್ತೆ ಹಿಡಿಯಬೇಕು, ನಾಳೆಯೂ ಹಿಡಿಯಬೇಕು. ಕೇಳುವವರಿಗೆ ಅದು ಬೇಸರ, ಸಾಧಕನಿಗೆ ನೆಲಗಟ್ಟು. ಕಚೇರಿಯಲ್ಲಿ ನಾವು ತಲೆದೂಗುವ ತಾನಗಳೆಲ್ಲ ಆ ನೆಲಗಟ್ಟಿನ ಮೇಲೆ ಎದ್ದ ಗೋಪುರಗಳು.

ಬೆಟಗೇರಿಯ ಕೈಮಗ್ಗದ ಮುಂದೆ ನಿಂತು ನೋಡಿದರೂ ಇದೇ ಸಂಗತಿ ಕಾಣುತ್ತದೆ. ಲಾಳಿಯು ಒಮ್ಮೆ ಆಚೆ ಹೋಗಿ ಬಂದರೆ ಹಾಸಿನಲ್ಲಿ ಹೊಕ್ಕಿನ ಒಂದೆರಡು ಎಳೆ ಕೂಡುತ್ತದೆ. ಕಣ್ಣಿಗೆ ಅದು ಏನೂ ಅಲ್ಲ. ಸಂಜೆಗೆ ನೋಡಿದರೆ ಗೇಣು ಗೇಣಾಗಿ ಬಟ್ಟೆ ಬೆಳೆದಿರುತ್ತದೆ. ನೇಕಾರನು ಎಳೆಯ ಮೇಲೆ ಕಣ್ಣಿಡುತ್ತಾನೆ. ಸೀರೆ ತಾನಾಗಿ ಮುಗಿಯುತ್ತದೆ. ಎಳೆಯನ್ನು ಬಿಟ್ಟು ಸೀರೆಯನ್ನೇ ಧ್ಯಾನಿಸುತ್ತ ಕುಳಿತವನ ಮಗ್ಗದಲ್ಲಿ ಎರಡೂ ಇರುವುದಿಲ್ಲ.

ವಿದ್ಯಾರ್ಥಿಗಳೇ, ವರ್ಷದ ಮೊದಲ ದಿನ ದೊಡ್ಡ ವೇಳಾಪಟ್ಟಿಗಳನ್ನು ಬರೆದು ಗೋಡೆಗೆ ಅಂಟಿಸುವವರನ್ನು ನಾನು ಸಾವಿರಾರು ಸಂಖ್ಯೆಯಲ್ಲಿ ಕಂಡಿದ್ದೇನೆ. ನಾಲ್ಕು ಗಂಟೆಗೆ ಏಳುವುದು, ಆರು ಗಂಟೆ ಓದುವುದು, ಆಟವನ್ನು ಬಿಡುವುದು ಎಂದು ಅವುಗಳಲ್ಲಿ ಬರೆದಿರುತ್ತದೆ. ಆ ಕಾಗದ ಹಳದಿಯಾಗುವುದಕ್ಕೆ ಮೊದಲೇ ಸಂಕಲ್ಪ ಒಣಗಿರುತ್ತದೆ. ಅದರಲ್ಲಿ ಮಕ್ಕಳ ದೋಷಕ್ಕಿಂತ ಬಿತ್ತನೆಯ ದೋಷ ಹೆಚ್ಚು. ಒಂದೇ ಸಾಲಿನಲ್ಲಿ ಹತ್ತು ಬಗೆಯ ಬೀಜಗಳನ್ನು ಒತ್ತೊತ್ತಾಗಿ ಸುರಿದರೆ ಯಾವುದೂ ಮೇಲೇಳುವುದಿಲ್ಲ. ಒಂದನ್ನು ಆರಿಸಿಕೊಳ್ಳಿ. ಅದು ಎಷ್ಟು ಸಣ್ಣದಾಗಿರಬೇಕೆಂದರೆ, ದಣಿದ ದಿನವೂ ಅದನ್ನು ಮಾಡದಿರಲು ನೆಪ ಸಿಗಬಾರದು. ರಾತ್ರಿ ಊಟವಾದ ಮೇಲೆ ತಾಟು ತೊಳೆದಿಟ್ಟು ಒಂದು ಪುಟ ಓದುವುದು. ಶಾಲೆಯಿಂದ ಬಂದು ಚೀಲ ಇಟ್ಟೊಡನೆ ಕಲಿತ ಒಂದು ಹೊಸ ಶಬ್ದವನ್ನು ಬರೆದಿಡುವುದು. ಮಲಗುವ ಮುನ್ನ ಅಂದು ಖರ್ಚಾದ ಹಣದ ಲೆಕ್ಕವನ್ನು ಒಂದು ಸಾಲಿನಲ್ಲಿ ಗುರುತಿಸುವುದು. ಈಗಾಗಲೇ ತಪ್ಪದೆ ನಡೆಯುತ್ತಿರುವ ಒಂದು ಕೆಲಸಕ್ಕೆ ಹೊಸ ಕೆಲಸದ ಹಗ್ಗವನ್ನು ಕಟ್ಟಿ. ಹಳೆಯ ಎತ್ತಿನ ಜೊತೆಗೆ ಹೊಸ ಹೋರಿಯನ್ನು ಹೂಡಿ ಪಳಗಿಸುವುದು ನಮ್ಮ ರೈತರ ಪದ್ಧತಿಯಲ್ಲವೆ?

ಬಿಡಬೇಕಾದ ರೂಢಿಗೂ ಇದೇ ದಾರಿ. ಕೈಯಲ್ಲಿರುವ ಮೊಬೈಲ್ ಫೋನು ಓದನ್ನು ನುಂಗುತ್ತಿದ್ದರೆ, ಓದುವ ಹೊತ್ತಿನಲ್ಲಿ ಅದನ್ನು ಇನ್ನೊಂದು ಕೋಣೆಯಲ್ಲಿಡಿ. ಕಣ್ಣೆದುರಿಗಿಟ್ಟುಕೊಂಡು ಮನಸ್ಸಿನೊಡನೆ ಕುಸ್ತಿಯಾಡುವುದಕ್ಕಿಂತ ಹತ್ತು ಹೆಜ್ಜೆಗಳ ಅಂತರ ಹೆಚ್ಚಿನ ಕೆಲಸ ಮಾಡುತ್ತದೆ. ಯಾರಾದರೂ ನಗೆಚಾಟಿಕೆಗೆ ಅಂಗೈಯಲ್ಲಿ ಒಂದು ಚಿಟಿಕೆ ಇಟ್ಟರೆ, ಅದು ಕರಿಕೆಯ ಮೊದಲ ಎಸಳೆಂದು ತಿಳಿದು ಕೊಡವಿಬಿಡಿ. ಆ ದಿನ ಅದು ಎರಡು ಬೆರಳಿನ ಕೆಲಸ.

ನಿಮಗೀಗ ಹದಿನಾಲ್ಕು ಹದಿನೈದು ವರ್ಷ. ನೆಲ ಹದವಾಗಿರುವ ಕಾಲವಿದು. ಎರೆಯ ನೆಲವು ಹದವಾಗಿದ್ದಾಗ ಬಿದ್ದ ಬೀಜವನ್ನು ತಡೆಯುವುದಿಲ್ಲ; ಜೋಳ ಬಿದ್ದರೆ ಜೋಳವನ್ನೂ ಕರಿಕೆ ಬಿದ್ದರೆ ಕರಿಕೆಯನ್ನೂ ಒಂದೇ ಪ್ರೀತಿಯಿಂದ ಬೆಳೆಸುತ್ತದೆ. ಆದ್ದರಿಂದ ಕೂರಿಗೆಯನ್ನು ಹಿಡಿದ ಕೈ ಎಚ್ಚರವಾಗಿರಬೇಕು. ಇಂದು ಸಂಜೆ ಯಾವುದಾದರೂ ಒಂದು ಕಾಳನ್ನು ಬಿತ್ತಿರಿ.